ಯಮಗುಚಿಯ ಕೊನೆಯ ವಿದಾಯ

ಹೊರಡುವಾಗ ನಾವು ಹೋಗಿ ಬರುತ್ತೇವೆ ಎನ್ನುತ್ತೇವಲ್ಲವೇ? ಸಂತ ಫ್ರಾನ್ಸಿಸ್ ಝೇವಿಯರರಿಗೆ ಜಪಾನಿನ ಗೆಳೆಯರ ಬಳಿಗೆ ಮರಳಿ ಬರುವುದಾಗಲಿಲ್ಲ.

1549ರ ಆಗಸ್ಟ್ 15, ಮಾತೆಯ ಸ್ವರ್ಗಸ್ವೀಕಾರದ ಹಬ್ಬದಂದು ಅವರು ಕಾಗೋಶಿಮಾದಲ್ಲಿ ಇಳಿದರು. ಭಾಷೆ ಕೈಗೂಡಲಿಲ್ಲ, ಸಹೋದರ ಜುವಾನ್ ಫರ್ನಾಂಡಿಸರೇ ಅವರ ನಾಲಿಗೆಯಾದರು. 1551ರ ಸೆಪ್ಟೆಂಬರಿನಲ್ಲಿ ಅವರನ್ನೂ ಕೋಸ್ಮೆ ದೆ ತೋರೆಸ್ ಸ್ವಾಮಿಯವರನ್ನೂ ಯಮಗುಚಿಯಲ್ಲಿ ಬಿಟ್ಟು ಬುಂಗೊಗೆ ಹೋದರು. ಅಲ್ಲಿಗೆ ಬಂದಿದ್ದ ಪೋರ್ಚುಗೀಸ್ ಹಡಗಿನಲ್ಲಿ ಭಾರತದಿಂದ ಒಂದು ಕಾಗದವೂ ಇರಲಿಲ್ಲ. ಗೋವೆಯ ಸೋದರರ ಚಿಂತೆ ಕಾಡಿತು. ನವೆಂಬರಿನಲ್ಲಿ ಅದೇ ಹಡಗು ಹತ್ತಿದರು.

ಸಂತರಿಗೆ ಅಗಲಿಕೆ ಹಗುರವೆಂದುಕೊಳ್ಳಬೇಡಿ. ಹಿಂದೆ ಮಲುಕು ದ್ವೀಪಗಳಲ್ಲಿದ್ದಾಗ ಗೆಳೆಯರ ಸಹಿಗಳನ್ನು ಪತ್ರಗಳಿಂದ ಕತ್ತರಿಸಿ ಮೈಮೇಲೆ ಧರಿಸಿಕೊಂಡಿದ್ದವರು ಇವರೇ.

1552ರ ಡಿಸೆಂಬರ್ 3ರಂದು ಚೀನಾ ತೀರದ ದ್ವೀಪವೊಂದರಲ್ಲಿ ತೀರಿಕೊಂಡರು. ತೋರೆಸ್ ಸ್ವಾಮಿ 1570ರಲ್ಲಿ ಸಾಯುವವರೆಗೂ ಜಪಾನಿನಲ್ಲೇ ಉಳಿದರು.