ಬೇಡ ಅನ್ನೋಕೆ ಒಂದು ದಾರಿ: ಜಾನ್ ಪೋಸ್ಟೆಲ್ ಮತ್ತು ಜಂಕ್ ಮೇಲ್

ಇಂಟರ್ನೆಟ್ ಕಟ್ಟಿದವರ ಹೆಸರು ಹೇಳಿ ಅಂದ್ರೆ ನಮ್ಮಲ್ಲಿ ಕೆಲವರು ವಿಂಟ್ ಸರ್ಫ್ ಅಂತಾರೆ, ಕೆಲವರು ಟಿಮ್ ಬರ್ನರ್ಸ್-ಲೀ ಅಂತಾರೆ. ಜಾನ್ ಪೋಸ್ಟೆಲ್ ಹೆಸರು ಬರೋದು ಕಡಿಮೆ. ಆದರೆ ಪ್ಲೇಸ್‌ಮೆಂಟ್ ಸೆಲ್‌ನ ಮೇಲ್ ಇರಲಿ, ನಾವು ಯಾವತ್ತೂ ಕೇಳದ ಕೋರ್ಸ್‌ನ ಡಿಸ್ಕೌಂಟ್ ಮೇಲ್ ಇರಲಿ, ಎರಡೂ ಬರೋದು ಅವರು 1982ರಲ್ಲಿ ಬರೆದ ನಿಯಮಗಳ ದಾರಿಯಲ್ಲೇ. ಅದಕ್ಕೂ ಏಳು ವರ್ಷ ಮುಂಚೆ, ಜಾಹೀರಾತಿನ ಮೇಲ್ ಅಂತ ಒಂದು ಇನ್ನೂ ಹುಟ್ಟುವ ಮೊದಲೇ, ಬೇಡದ ಮೇಲ್‌ಗೆ ಮದ್ದು ಏನು ಅಂತ ಬರೆದಿಟ್ಟವರೂ ಅವರೇ. ಆ ಮದ್ದು ಯಾಕೆ ಬಳಕೆಗೆ ಬರಲಿಲ್ಲ ಅನ್ನೋ ಕುತೂಹಲದಿಂದ ಅವರ ಬಗ್ಗೆ ಓದೋಕೆ ಶುರು ಮಾಡಿದೆ.

ಪೋಸ್ಟೆಲ್ ಹುಟ್ಟಿದ್ದು 1943ರ ಆಗಸ್ಟ್ 6ರಂದು, ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಹೈಸ್ಕೂಲ್ ಓದಿದ್ದು ಲಾಸ್ ಏಂಜಲೀಸ್‌ನ ವ್ಯಾನ್ ನೈಸ್‌ನಲ್ಲಿ. ವಿಂಟ್ ಸರ್ಫ್ ಮತ್ತು ಸ್ಟೀವ್ ಕ್ರಾಕರ್ ಕೂಡ ಅದೇ ಶಾಲೆಯವರು. ಒಂದೇ ಸರ್ಕಾರಿ ಶಾಲೆಯಿಂದ ಮೂವರು! ಆಮೇಲೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದ್ರೆ ಯುಸಿಎಲ್‌ಎ. ಅಲ್ಲಿ 1966ರಲ್ಲಿ ಪದವಿ, 1974ರಲ್ಲಿ ಪಿಎಚ್‌ಡಿ. ನಡುವೆ 1969ರಲ್ಲಿ ಅರ್ಪಾನೆಟ್‌ನ ಮೊದಲ ನೋಡ್ ಬಂದಿದ್ದು ಅದೇ ಕ್ಯಾಂಪಸ್‌ಗೆ, ಲೆನ್ ಕ್ಲೈನ್‌ರಾಕ್ ಅವರ ಲ್ಯಾಬ್‌ಗೆ. ಪೋಸ್ಟೆಲ್ ಆಗ ಅಲ್ಲಿ ವಿದ್ಯಾರ್ಥಿ. ಸರಿಯಾದ ಹೊತ್ತಿಗೆ ಸರಿಯಾದ ಲ್ಯಾಬ್‌ನಲ್ಲಿ ಇರೋದಕ್ಕೂ ಪುಣ್ಯ ಬೇಕು.

ಆ ವಿದ್ಯಾರ್ಥಿಗಳು ತಮ್ಮ ಯೋಚನೆಗಳನ್ನ ಆರ್‌ಎಫ್‌ಸಿ ಅನ್ನೋ ಹೆಸರಲ್ಲಿ ಬರೆದು ಹಂಚ್ತಿದ್ರು. ಹೀಗೆ ಮಾಡಬಹುದಾ, ಅಭಿಪ್ರಾಯ ಹೇಳಿ ಅಂತ ಕೇಳೋ ಟಿಪ್ಪಣಿಗಳು. ಶುರು ಮಾಡಿದ್ದು ಕ್ರಾಕರ್. ಅದನ್ನ ಒಪ್ಪ ಮಾಡಿ, ನಂಬರ್ ಕೊಟ್ಟು, ಕಾಪಾಡೋ ಕೆಲಸ ಪೋಸ್ಟೆಲ್ ಹೆಗಲಿಗೆ ಬಂತು. ಸಾಯೋವರೆಗೂ ಅದನ್ನ ಬಿಡಲಿಲ್ಲ. ಜೊತೆಗೆ ಯಾವ ನಂಬರ್ ಯಾರಿಗೆ, ಯಾವ ಪೋರ್ಟ್ ಯಾವುದಕ್ಕೆ ಅನ್ನೋ ಲೆಕ್ಕವೂ ಅವರದ್ದೇ. ಊರಿನ ಶಾನುಭೋಗರ ಹಾಗೆ ಅಂದ್ಕೊಳ್ಳಿ: ಅಧಿಕಾರ ಕಾಣಲ್ಲ, ಆದ್ರೆ ಪುಸ್ತಕ ಅವರ ಹತ್ರ ಇರತ್ತೆ. ಉದ್ದ ಗಡ್ಡ, ಕಾಲಲ್ಲಿ ಚಪ್ಪಲಿ. ಫೋಟೋ ನೋಡಿದ್ರೆ ಹಿಮಾಲಯದಿಂದ ಇಳಿದು ಬಂದವರ ಹಾಗೆ ಕಾಣ್ತಾರೆ.

1975ರ ನವೆಂಬರ್‌ನಲ್ಲಿ ಅವರು ಬರೆದ ಆರ್‌ಎಫ್‌ಸಿ 706 ಒಂದೇ ಪುಟದ್ದು. ಹೆಸರಲ್ಲೇ ಜಂಕ್ ಮೇಲ್ ಸಮಸ್ಯೆ ಅಂತ ಇದೆ. ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಅರ್ಪಾನೆಟ್‌ನಲ್ಲಿ ಪ್ರತಿ ಕಂಪ್ಯೂಟರ್‌ನ ಮುಂದೆ ಐಎಂಪಿ ಅನ್ನೋ ಫ್ರಿಡ್ಜ್ ಗಾತ್ರದ ಪೆಟ್ಟಿಗೆ ಇರ್ತಿತ್ತು, ಇವತ್ತಿನ ರೌಟರ್‌ನ ಅಜ್ಜ. ಯಾರೋ ಒಬ್ಬರ ಕೆಟ್ಟ ಕಂಪ್ಯೂಟರ್ ಒಂದೇ ಸಮನೆ ಸಂದೇಶ ಕಳಿಸ್ತಾ ಹೋದ್ರೆ ನಮ್ಮ ಕಂಪ್ಯೂಟರ್‌ಗೆ ಬೇಡ ಅನ್ನೋ ದಾರಿನೇ ಇರಲಿಲ್ಲ. ಎಲ್ಲವನ್ನೂ ತಗೋಬೇಕು, ಓದಬೇಕು, ಆಮೇಲೆ ಎಸೀಬೇಕು. ಹೀಗೆ ಓದಿ ಎಸೆಯೋಕೂ ಪ್ರೊಸೆಸರ್ ಸಮಯ ಹೋಗತ್ತೆ, ನೆಟ್‌ವರ್ಕ್ ಸುಮ್ಮನೆ ತುಂಬ್ಕೊಳ್ಳತ್ತೆ, ನಷ್ಟ ಪಡೆಯೋನಿಗೇ ಅಂತ ಪೋಸ್ಟೆಲ್ ತೋರಿಸಿದ್ರು. ಪರಿಹಾರ ಸರಳ: ಇಂಥವನ ಸಂದೇಶ ನನಗೆ ಬೇಡ ಅಂತ ನಮ್ಮ ಕಂಪ್ಯೂಟರ್ ತನ್ನ ಐಎಂಪಿಗೆ ಹೇಳೋ ಹಾಗಿರಬೇಕು. ಆ ಬೇಡ ಅನ್ನೋ ಮಾತು ನೆಟ್‌ವರ್ಕ್‌ನಲ್ಲಿ ಹಿಂದಕ್ಕೆ ಹೋಗಿ, ಕಳಿಸೋನ ಬಾಗಿಲಲ್ಲೇ ಸಂದೇಶ ನಿಲ್ಲುವಂತಾದ್ರೆ ಇನ್ನೂ ಒಳ್ಳೇದು. ಕೆಟ್ಟುಹೋದ ಕಂಪ್ಯೂಟರ್ ಮಾತ್ರ ಅಲ್ಲ, ಬರೀ ಕಿರಿಕಿರಿ ಮಾಡೋರೂ ಅವರ ಲೆಕ್ಕದಲ್ಲಿದ್ರು.

ಎರಡೂವರೆ ವರ್ಷ ಆದ್ಮೇಲೆ, 1978ರ ಮೇ ತಿಂಗಳಲ್ಲಿ, ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿಯ ಮಾರ್ಕೆಟಿಂಗ್‌ನವರು ತಮ್ಮ ಹೊಸ ಮೆಶಿನ್ ನೋಡೋಕೆ ಬನ್ನಿ ಅಂತ ಅರ್ಪಾನೆಟ್‌ನ ಸುಮಾರು 400 ಜನರಿಗೆ ಒಂದೇ ಏಟಿಗೆ ಮೇಲ್ ಹಾಕಿದ್ರು. ಯಾರನ್ನೂ ಕೇಳಿರಲಿಲ್ಲ. ವಿಳಾಸಗಳ ಪಟ್ಟಿ ಎಷ್ಟು ಉದ್ದ ಇತ್ತಂದ್ರೆ ಪ್ರೋಗ್ರಾಂ ಕೊಟ್ಟ ಜಾಗ ಸಾಲದೆ ಮಿಕ್ಕಿದ ವಿಳಾಸಗಳು ಪತ್ರದ ಒಳಗೇ ಸುರಿದುಹೋದ್ವು. ಬಫರ್ ಸೈಜ್ ನೋಡದೆ ಕೋಡ್ ಬರೆಯೋರು ಆಗಲೂ ಇದ್ರು ಅನ್ನೋದು ಒಂಥರಾ ಸಮಾಧಾನ. ಸರ್ಕಾರಿ ಕೆಲಸಕ್ಕಿರೋ ನೆಟ್‌ವರ್ಕ್ ಇದು ಅಂತ ಕಂಪನಿಗೆ ಬೈಗುಳ ಬಿತ್ತು. ಇದನ್ನೇ ಮೊದಲ ಸ್ಪ್ಯಾಮ್ ಅಂತ ಈಗ ಎಲ್ಲರೂ ಹೇಳೋದು.

1977ರಿಂದ ಪೋಸ್ಟೆಲ್ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐಎಸ್‌ಐ ಅನ್ನೋ ಸಂಶೋಧನಾ ಸಂಸ್ಥೆಯಲ್ಲಿದ್ರು. 1982ರ ಆಗಸ್ಟ್‌ನಲ್ಲಿ ಅಲ್ಲಿಂದಲೇ ಆರ್‌ಎಫ್‌ಸಿ 821 ಬಂತು. ಅದೇ ಎಸ್‌ಎಂಟಿಪಿ. ಕಳಿಸೋ ಸರ್ವರ್ ಮೊದಲು ಹೆಲೋ ಅನ್ನತ್ತೆ (ಕಮಾಂಡ್‌ಗಳೆಲ್ಲ ನಾಲ್ಕೇ ಅಕ್ಷರದ ಮೇಲೆ ನಡೆಯೋದ್ರಿಂದ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ಎಲ್ ಕಡಿಮೆ), ಯಾರಿಂದ ಅಂತ ಹೇಳತ್ತೆ, ಯಾರಿಗೆ ಅಂತ ಹೇಳತ್ತೆ, ಪತ್ರ ಕೊಡತ್ತೆ, ಹೊರಡತ್ತೆ. ಪಡೆಯೋ ಸರ್ವರ್ ಬೇಡ ಅನ್ನಬಹುದು, ಅದಕ್ಕೆ 550ರಂಥ ಕೋಡ್‌ಗಳಿವೆ. ಆದರೆ ಯಾರಿಂದ ಅನ್ನೋ ಜಾಗದಲ್ಲಿ ಏನು ಬರೆದ್ರೂ ಅದು ನಿಜವೇ ಅಂತ ಪರೀಕ್ಷಿಸೋ ವ್ಯವಸ್ಥೆ ಅದರಲ್ಲಿಲ್ಲ. ಇಂಥವನಿಂದ ಬೇಡ ಅನ್ನಬೇಕಾದ್ರೆ ಮೊದಲು ಇಂಥವನು ಯಾರು ಅಂತ ಗೊತ್ತಾಗಬೇಕಲ್ವಾ? 1975ರ ಮದ್ದಿಗೆ ಬೇಕಾದ ಮುಖ್ಯ ಸಾಮಾನೇ ಇಲ್ಲಿರಲಿಲ್ಲ.

ಇದಕ್ಕೆ ಪೋಸ್ಟೆಲ್ ಅವರನ್ನ ದೂರೋದು ನನಗೆ ಸರಿ ಅನ್ಸಲ್ಲ. ಅವರ ಲೋಕದಲ್ಲಿ ಕಳಿಸೋನೂ ಪಡೆಯೋನೂ ಪರಿಚಯದವರು. ಅವರ ಹೆಸರಲ್ಲೇ ಒಂದು ಸೂತ್ರ ಇದೆ: ಕಳಿಸುವಾಗ ಬಿಗಿಯಾಗಿರು, ಪಡೆಯುವಾಗ ಉದಾರವಾಗಿರು ಅನ್ನೋ ಅರ್ಥದ್ದು. ಅದು ಪ್ಯಾಕೆಟ್‌ಗಳ ಬಗ್ಗೆ ಹೇಳಿದ್ದು. ಮಾರ್ಕೆಟಿಂಗ್‌ನವರು ಅದರ ಎರಡನೇ ಅರ್ಧವನ್ನ ಮಾತ್ರ ನಮ್ಮ ಮೇಲೆ ಹೇರಿದ್ರು ಅನ್ಸತ್ತೆ.

ಆ ನಂಬಿಕೆಯ ಲೋಕ ಹೇಗಿತ್ತು ಅನ್ನೋದಕ್ಕೆ 1998ರ ಜನವರಿ 28ರ ಘಟನೆ ಸಾಕು. ಡೊಮೈನ್ ಹೆಸರುಗಳ ಹಿಡಿತ ಯಾರ ಕೈಲಿರಬೇಕು ಅಂತ ಅಮೆರಿಕ ಸರ್ಕಾರದ ಜೊತೆ ಜಗ್ಗಾಟ ನಡೀತಿದ್ದ ಕಾಲ. ರೂಟ್ ಸರ್ವರ್ ನಡೆಸುವವರಲ್ಲಿ ಎಂಟು ಕಡೆಯವರಿಗೆ ಪೋಸ್ಟೆಲ್ ಒಂದು ಮೇಲ್ ಹಾಕಿ, ಇನ್ಮೇಲೆ ಸರ್ಕಾರದ ಗುತ್ತಿಗೆ ಕಂಪನಿಯ ಬದಲು ನನ್ನ ಸರ್ವರ್‌ನಿಂದ ಪಟ್ಟಿ ತಗೊಳ್ಳಿ ಅಂದ್ರು. ಎಂಟೂ ಕಡೆಯವರು ಹಾಗೇ ಮಾಡಿದ್ರು! ಶ್ವೇತಭವನದಿಂದ ಒತ್ತಡ ಬಂದ ಮೇಲೆ ಅವರು ಅದನ್ನ ಬರೀ ಪರೀಕ್ಷೆ ಅಂದು ಹಿಂದೆ ಸರಿದ್ರು. ಅದೇ ವರ್ಷ ಅಕ್ಟೋಬರ್ 16ರಂದು, ಹೃದಯದ ಕವಾಟದ ಆಪರೇಷನ್ ನಂತರದ ತೊಂದರೆಯಿಂದ ತೀರಿಕೊಂಡ್ರು. ವಯಸ್ಸು 55. ಗೆಳೆಯ ಸರ್ಫ್ ಬರೆದ ಶ್ರದ್ಧಾಂಜಲಿ ಆರ್‌ಎಫ್‌ಸಿ 2468 ಆಗಿ ಬಂತು.

ಅವರು ಹೋದ ಮೇಲೆ ಕೆಲಸ ವಕೀಲರ ಕೈಗೆ ಹೋಯ್ತು. ಯುರೋಪ್ 2002ರ ನಿರ್ದೇಶನದಲ್ಲಿ ಮೊದಲು ಕೇಳಿ, ಆಮೇಲೆ ಕಳಿಸಿ ಅಂತು, ಹಳೇ ಗ್ರಾಹಕರ ವಿಷಯದಲ್ಲಿ ಮಾತ್ರ ಸ್ವಲ್ಪ ಸಡಿಲ. ಅಮೆರಿಕದ 2003ರ ಕ್ಯಾನ್-ಸ್ಪ್ಯಾಮ್ ಕಾಯಿದೆ ಉಲ್ಟಾ: ಕಳಿಸಿ, ಆದ್ರೆ ಸುಳ್ಳು ಹೆಸರು, ಮೋಸದ ಸಬ್ಜೆಕ್ಟ್ ಲೈನ್ ಬೇಡ, ಅಂಚೆ ವಿಳಾಸ ಹಾಕಿ, ಬೇಡ ಅಂದವರನ್ನ ಕೆಲಸದ 10 ದಿನಗಳೊಳಗೆ ಬಿಡಿ. ಎರಡಕ್ಕೂ ವ್ಯತ್ಯಾಸ ಒಂದೇ, ಮೊದಲ ಶ್ರಮ ಯಾರದ್ದು ಅನ್ನೋದು. 706 ಓದಿದ ಮೇಲೆ ನನ್ನ ಮತ ಯುರೋಪ್ ಕಡೆಗೆ. ನಮ್ಮಲ್ಲಿ ಟ್ರಾಯ್‌ನ ಡಿಎನ್‌ಡಿ ಕಾಲ್ ಮತ್ತು ಎಸ್‌ಎಂಎಸ್‌ಗೆ ಮಾತ್ರ, ಮೇಲ್‌ಗೆ ಇಲ್ಲ. 2023ರ ಡಿಪಿಡಿಪಿ ಕಾಯಿದೆ ಒಪ್ಪಿಗೆ ಸ್ಪಷ್ಟವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ತಗೊಳ್ಳೋ ಹಾಗಿರಬೇಕು ಅನ್ನತ್ತೆ. ಹಾಗಂದ್ರೆ ಹ್ಯಾಕಥಾನ್‌ಗೆ ಅಂತ ತಗೊಂಡ ಮೇಲ್ ಐಡಿಗಳ ಶೀಟನ್ನ ಸ್ಪಾನ್ಸರ್ ಕೇಳಿದ ತಕ್ಷಣ ಕೊಡೋ ಫೆಸ್ಟ್ ಕಮಿಟಿಗಳು ಸ್ವಲ್ಪ ಯೋಚಿಸಬೇಕು. ಹ್ಯಾಕಥಾನ್‌ಗೆ ಕೊಟ್ಟ ಒಪ್ಪಿಗೆ ಕೋಚಿಂಗ್ ಕ್ಲಾಸ್‌ಗೆ ಕೊಟ್ಟ ಒಪ್ಪಿಗೆ ಆಗಲ್ಲ. ಫಾರ್ಮ್‌ನಲ್ಲಿ ಮೊದಲೇ ಟಿಕ್ ಹಾಕಿಟ್ಟ ಬಾಕ್ಸ್ ಕೂಡ ಒಪ್ಪಿಗೆ ಅಲ್ಲ.

ತಂತ್ರಜ್ಞಾನದ ಕಡೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಬಂದು ಕಳಿಸಿದ ಡೊಮೈನ್ ನಿಜವೇ ಅಂತ ನೋಡೋಕೆ ಸಾಧ್ಯ ಆಯ್ತು. 2017ರಲ್ಲಿ, ಪೋಸ್ಟೆಲ್ ಕಾಪಾಡಿದ ಅದೇ ಸರಣಿಯಲ್ಲಿ, ಆರ್‌ಎಫ್‌ಸಿ 8058 ಬಂತು: ಒಂದೇ ಕ್ಲಿಕ್‌ನಲ್ಲಿ ಅನ್‌ಸಬ್‌ಸ್ಕ್ರೈಬ್. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸುವವರಿಗೆ ಗೂಗಲ್ 2024ರಲ್ಲಿ ಇದನ್ನ ಕಡ್ಡಾಯ ಮಾಡ್ತು. ನೀವು ಆ ಬಟನ್ ಒತ್ತಿದಾಗ ನಿಮ್ಮ ಮೇಲ್ ಸೇವೆ ಕಳಿಸಿದವರ ಸರ್ವರ್‌ಗೆ ಒಂದು ಪುಟ್ಟ ವಿನಂತಿ ಕಳಿಸತ್ತೆ. ಬೇಡ ಅನ್ನೋ ಮಾತು ನೆಟ್‌ವರ್ಕ್ ದಾಟಿ ಕಳಿಸಿದೋನ ಬಾಗಿಲಿಗೇ ಹೋಗತ್ತೆ. ಆರ್‌ಎಫ್‌ಸಿ 8058 ಬಂದಾಗ ಆ ಒಂದು ಪುಟದ ಟಿಪ್ಪಣಿ ಬರೆದು 41 ವರ್ಷ ದಾಟಿತ್ತು.