ಜ್ವರವೇ ಇಲ್ಲದವರಿಂದ ಟೈಫಾಯ್ಡ್ ಹರಡುತ್ತದೆಯೇ? ‘ಟೈಫಾಯ್ಡ್ ಮೇರಿ’ಯ ಕಥೆ

ಅಡುಗೆ ಮಾಡುವವರು ಗಟ್ಟಿಮುಟ್ಟಾಗಿದ್ದರೆ ಭಯವಿಲ್ಲ ಎಂದು ನೀವೂ ನಂಬಿದ್ದೀರಾ? ಹಾಗಾದರೆ ಮೇರಿ ಮ್ಯಾಲನ್ ಬಗ್ಗೆ ತಿಳಿಯಿರಿ.

1869ರಲ್ಲಿ ಐರ್ಲೆಂಡ್‌ನಲ್ಲಿ ಹುಟ್ಟಿದ ಮೇರಿ, ಹದಿಹರೆಯದಲ್ಲೇ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕ್‌ನ ಶ್ರೀಮಂತರ ಮನೆಗಳಲ್ಲಿ ಅಡುಗೆಯವರಾದರು. 1906ರಲ್ಲಿ ಅವರು ಕೆಲಸಕ್ಕಿದ್ದ ಮನೆಯ 11 ಜನರಲ್ಲಿ 6 ಮಂದಿಗೆ ಟೈಫಾಯ್ಡ್ ಬಂತು. ಕಾರಣ ಹುಡುಕಲು ಬಂದ ಎಂಜಿನಿಯರ್ ಜಾರ್ಜ್ ಸೋಪರ್, ಮೇರಿ ಹಿಂದೆ ದುಡಿದ ಮನೆಗಳನ್ನು ವಿಚಾರಿಸಿದರು. ಬಹುತೇಕ ಕಡೆ ಇದೇ ಜ್ವರ! 1907ರಲ್ಲಿ ಮೇರಿಯ ಮಲ ಪರೀಕ್ಷೆಯಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾ ಸಿಕ್ಕಿತು. ಅವರಿಗೆ ಮಾತ್ರ ಜ್ವರದ ಸುಳಿವೇ ಇರಲಿಲ್ಲ.

ಅವರನ್ನು ನಾರ್ತ್ ಬ್ರದರ್ ದ್ವೀಪದಲ್ಲಿ ಕೂಡಿಹಾಕಲಾಯಿತು. ಇನ್ನು ಅಡುಗೆ ಮಾಡುವುದಿಲ್ಲ ಎಂದು ಒಪ್ಪಿದ ಮೇಲೆ 1910ರಲ್ಲಿ ಬಿಡುಗಡೆಯಾಯಿತು. ಆದರೆ ಬಟ್ಟೆ ಒಗೆಯುವ ಕೆಲಸಕ್ಕೆ ಸಂಬಳ ಕಡಿಮೆ. ತನ್ನಿಂದ ರೋಗ ಹರಡುತ್ತದೆ ಎಂಬುದನ್ನು ಅವರು ನಂಬಲೂ ಇಲ್ಲ. ಹೆಸರು ಬದಲಿಸಿ ಹೆರಿಗೆ ಆಸ್ಪತ್ರೆಯ ಅಡುಗೆಮನೆ ಸೇರಿದರು. 1915ರಲ್ಲಿ ಅಲ್ಲಿ 25 ಜನರಿಗೆ ಟೈಫಾಯ್ಡ್ ತಗುಲಿ, ಇಬ್ಬರು ಸತ್ತರು. ಮೇರಿ ಮತ್ತೆ ದ್ವೀಪ ಸೇರಿದರು. 1938ರಲ್ಲಿ ತೀರಿಕೊಳ್ಳುವವರೆಗೂ ಬಿಡುಗಡೆ ಸಿಗಲಿಲ್ಲ. ಅವರಂಥ ಎಷ್ಟೋ ರೋಗವಾಹಕರು ಊರೊಳಗೆ ಆರಾಮಾಗಿ ಓಡಾಡಿಕೊಂಡಿದ್ದರು.

ಚೆನ್ನಾಗಿ ಬೇಯಿಸಿದರೆ ಈ ಬ್ಯಾಕ್ಟೀರಿಯಾ ಸಾಯುತ್ತದೆ. ಆದರೆ ಹೆಚ್ಚಿದ ಹಣ್ಣು, ಐಸ್‌ಕ್ರೀಮ್‌ನಂಥ ಬೇಯಿಸದ ತಿನಿಸಿಗೆ ಕೈಯಿಂದ ದಾಟುತ್ತದೆ. ಆದ್ದರಿಂದ ಜ್ವರ ಇರಲಿ, ಇಲ್ಲದಿರಲಿ, ಶೌಚದ ನಂತರ ಮತ್ತು ಅಡುಗೆಗೆ ಮುನ್ನ ಸೋಪು ಹಚ್ಚಿ ಕೈ ತೊಳೆಯಿರಿ.