ಎಂಐಟಿಯಿಂದ ನೇಗಿಲ ಕಾರ್ಖಾನೆಗೆ: ಶಂತನುರಾವ್ ಕಿರ್ಲೋಸ್ಕರ್

ನಮ್ಮ ರಾಜ್ಯದ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಮೆಷಿನ್ ಶಾಪ್‌ನಲ್ಲಿ ಕಿರ್ಲೋಸ್ಕರ್ ಹೆಸರಿನ ಹಳೇ ಲೇತ್ ಒಂದು ಸಿಗುತ್ತೆ. ಬಾಳ್ಳುಪೇಟೆ, ಸಕಲೇಶಪುರ ಕಡೆಯವರಿಗೆ ಅದೇ ಹೆಸರು ಬೇರೆ ದಾರಿಯಲ್ಲಿ ಪರಿಚಯ: ಹೂಮಳೆ ಕೈಕೊಟ್ಟ ವರ್ಷ ಕಾಫಿ ತೋಟಕ್ಕೆ ನೀರು ಹಾಯಿಸೋ ಡೀಸೆಲ್ ಎಂಜಿನ್. ಈ ಹೆಸರನ್ನು ದೊಡ್ಡದು ಮಾಡಿದ ಶಂತನುರಾವ್ ಕಿರ್ಲೋಸ್ಕರ್, ಎಂಐಟಿಯಲ್ಲಿ ಓದಿದ ಮೊದಮೊದಲ ಭಾರತೀಯರಲ್ಲಿ ಒಬ್ಬರು.

ಹುಟ್ಟಿದ್ದು 1903ರ ಮೇ 28, ಸೊಲ್ಲಾಪುರದಲ್ಲಿ. ತಂದೆ ಲಕ್ಷ್ಮಣರಾವ್ ಮಾತ್ರ ಬೆಳಗಾವಿ ಸೀಮೆಯ ಗುರ್ಲಹೊಸೂರಿನವರು. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಾಗಿದರೆ ನೆಲಕ್ಕೆ ವಿಷ ಅಂತ ರೈತರು ಹತ್ತಿರ ಬರಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗೋಕೆ ಎರಡು ವರ್ಷ ಹಿಡಿಯಿತು. ಬೆಳಗಾವಿಯ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು. 1910ರಲ್ಲಿ ಕುಂಡಲ್ ಹತ್ತಿರದ ಬರಡು ನೆಲದಲ್ಲಿ ಕಿರ್ಲೋಸ್ಕರ್‌ವಾಡಿ ಎದ್ದಿತು. ಹುಡುಗ ಬೆಳೆದಿದ್ದು ಅಲ್ಲೇ, ಎರಕದ ಹೊಗೆಯಲ್ಲಿ.

1922ರಲ್ಲಿ ಹಡಗು ಹತ್ತಿದರು. 1926ಕ್ಕೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ. ಎಂ.ಎಸ್. ಅಲ್ಲ, ಬಿ.ಎಸ್. ಅಷ್ಟೇ. ಆದರೆ ಇವತ್ತು ಮ್ಯಾನುಫ್ಯಾಕ್ಚರಿಂಗ್‌ನಲ್ಲಿ ಎಂ.ಎಸ್. ಅಂತ ಅರ್ಜಿ ಹಾಕೋ ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ ಅನ್ಸುತ್ತೆ: ಅಲ್ಲಿ ಕಲಿತಿದ್ದನ್ನ ಎಲ್ಲಿ ಹಾಕಬೇಕು ಅನ್ನೋದು ಅವರಿಗೆ ಹೋಗುವ ಮೊದಲೇ ಗೊತ್ತಿತ್ತು. ಬಾಸ್ಟನ್ ಪಕ್ಕದ ಲ್ಯಾಬ್‌ಗಳಿಂದ ನೇರ ನೇಗಿಲು, ಪಂಪು, ಕಬ್ಬಿನ ಗಾಣ ಮಾಡೋ ಹಳ್ಳಿಯ ಕಾರ್ಖಾನೆಗೇ ವಾಪಸ್. ನಮ್ಮಲ್ಲಿ ಎಷ್ಟು ಜನ ಒಪ್ತೀವಿ?

ಎರಡನೇ ಮಹಾಯುದ್ಧ ಬಂತು, ವಿದೇಶಿ ಯಂತ್ರಗಳು ಸಿಗೋದು ಕಷ್ಟವಾಯಿತು. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಡದಲ್ಲಿ, ಮೈಸೂರು ಕಿರ್ಲೋಸ್ಕರ್ ಶುರುವಾಗಿ ಲೇತ್ ತಯಾರಿಸತೊಡಗಿತು. ಇದು ನೇಗಿಲಿನಂಥ ಕೆಲಸ ಅಲ್ಲ. ನೇಗಿಲು ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ಉಳುತ್ತೆ. ಲೇತ್‌ನ ಲೀಡ್ ಸ್ಕ್ರೂನಲ್ಲಿ ತಪ್ಪಿದ್ದರೆ ಅದರಲ್ಲಿ ಕತ್ತರಿಸಿದ ಪ್ರತಿ ಥ್ರೆಡ್‌ನಲ್ಲೂ ಅದೇ ತಪ್ಪು. ಎರಕ ಹೊಯ್ದ ಬೆಡ್ಡನ್ನು ಒಳಗಿನ ಸ್ಟ್ರೆಸ್ ಇಳಿಯುವ ಮೊದಲೇ ಮೆಷಿನ್ ಮಾಡಿದರೆ ಆಮೇಲೆ ಸೊಟ್ಟಗಾಗುತ್ತೆ. ಯಂತ್ರ ಮಾಡೋ ಯಂತ್ರವನ್ನ ನಾವೇ ಮಾಡದೇ ಇದ್ದರೆ ಉಳಿದ ಎಲ್ಲ ಕಾರ್ಖಾನೆಗಳೂ ಹಡಗಿನ ದಾರಿ ಕಾಯಬೇಕು. ಯುದ್ಧ ಅದನ್ನ ತೋರಿಸಿಕೊಟ್ಟಿತ್ತು.

1946ರಲ್ಲಿ ಪುಣೆಯಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್, ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಹುಟ್ಟಿದವು. ಕರೆಂಟ್ ಇಲ್ಲದ ಹಳ್ಳಿಗಳ ಬಾವಿಗೆ ಡೀಸೆಲ್ ಎಂಜಿನ್ ಇಳಿಯಿತು. ಶಂತನುರಾವ್‌ಗೆ 1965ರಲ್ಲಿ ಪದ್ಮಭೂಷಣ ಬಂತು. ಲೈಸೆನ್ಸ್ ರಾಜ್ಯವನ್ನು ಬಹಿರಂಗವಾಗಿ ಟೀಕಿಸಿದ ಕೆಲವೇ ಉದ್ಯಮಿಗಳಲ್ಲಿ ಅವರೊಬ್ಬರು. 1982ರಲ್ಲಿ ಆತ್ಮಕಥೆ ಬರೆದರು.

1994ರ ಏಪ್ರಿಲ್ 24ರಂದು ತೀರಿಕೊಂಡರು. ಹರಿಹರದ ಲೇತ್ ಕಾರ್ಖಾನೆ ಅವರ ನಂತರ ಬಹಳ ವರ್ಷ ಉಳಿಯಲಿಲ್ಲ, ಬಾಗಿಲು ಹಾಕಿತು. ಅಲ್ಲಿ ತಯಾರಾದ ಲೇತ್‌ಗಳಲ್ಲಿ ಎಷ್ಟೋ ಇನ್ನೂ ಓಡುತ್ತಿವೆ.